ಆನೆ ಮಾರಿ ಅಂಕುಶ ಉಳಿಸಿಕೊಂಡಂತೆ



ಅಮೆರಿಕದ ಟೆಸ್ಲಾ ಕಂಪನಿಯು ಕಾರಿನೊಡನೆ ಕೊಡುತ್ತಿದ್ದ ಚಾರ್ಜಿಂಗ್ ಕೇಬಲನ್ನು 2022ರ ಏಪ್ರಿಲ್‌ನಲ್ಲಿ ನಿಲ್ಲಿಸಿತು. ಅದೇ ಅಕ್ಟೋಬರ್‌ನಿಂದ, ಕಾರು ನಿಲ್ಲಿಸುವಾಗ ಅಡ್ಡಿಯನ್ನು ಗುರುತಿಸುವ ಅಲ್ಟ್ರಾಸಾನಿಕ್ ಸೆನ್ಸರ್‌ಗಳನ್ನು ಕೈಬಿಡತೊಡಗಿತು. 2023ರ ಹೊಸ ಮಾಡೆಲ್ 3ರಲ್ಲಿ ಇಂಡಿಕೇಟರ್ ಕಡ್ಡಿಯೇ ಮಾಯವಾಗಿ, ಸ್ಟೀರಿಂಗ್ ಚಕ್ರದ ಮೇಲೆ ಎರಡು ಗುಂಡಿಗಳು ಬಂದವು.

ಮಾಲೀಕರು ಗೊಣಗಿದರು. ಅಷ್ಟು ಹಣ ತೆತ್ತವರು ಇಷ್ಟು ಚಿಕ್ಕದಕ್ಕೆ ರಗಳೆ ಮಾಡಬೇಕೇ ಎಂದು ನಗುವವರೂ ಉಂಟು. ನಾನಂತೂ ಮಾಲೀಕರ ಪಕ್ಷ.

ವೆಚ್ಚ ತಗ್ಗಿಸುವುದು ತಪ್ಪಲ್ಲ. ಬೆಲೆ ಇಳಿದರೆ ಹೆಚ್ಚು ಜನರಿಗೆ ಕಾರು ದಕ್ಕೀತು. ಕೇಬಲನ್ನು ಬೇಕಾದವರು ಬೇರೆಯಾಗಿ ಕೊಂಡಾರು. ಆದರೆ ಇಂಡಿಕೇಟರಿನ ಮಾತೇ ಬೇರೆ. ಸರ್ಕಲ್ಲಿನಲ್ಲಿ ಚಕ್ರ ತಿರುಗಿದಂತೆ ಗುಂಡಿಗಳೂ ತಿರುಗುತ್ತವೆ, ಮೇಲಿದ್ದದ್ದು ಕೆಳಗಾಗುತ್ತದೆ. ಕೈ ತಡಕಾಡಿದರೆ ಕಣ್ಣು ರಸ್ತೆಯನ್ನು ಬಿಡುತ್ತದೆ. ಆ ಸಂಕೇತವನ್ನು ನಂಬಿ ರಸ್ತೆ ದಾಟುವ ಪಾದಚಾರಿ ಕಾರು ಕೊಂಡವನಲ್ಲ; ಉಳಿತಾಯದಲ್ಲಿ ಅವನಿಗೆ ಪಾಲಿಲ್ಲ, ಅಪಾಯದಲ್ಲಿ ಮಾತ್ರ ಉಂಟು.

2025ರ ಹೊಸ ಮಾಡೆಲ್ ವೈನಲ್ಲಿ ಆ ಕಡ್ಡಿ ಉಳಿದುಕೊಂಡಿತು. ಗೊಣಗಾಟ ವ್ಯರ್ಥವಾಗಲಿಲ್ಲವೆಂದೇ ನನ್ನ ಭಾವನೆ. ಯಾವುದನ್ನು ಕಡಿತಗೊಳಿಸುವ ಮುನ್ನವೂ ಕೇಳಬೇಕಾದ ಪ್ರಶ್ನೆ ಒಂದೇ: ಉಳಿತಾಯ ಯಾರದು, ನಷ್ಟ ಯಾರದು?