ತೂಕ ಇಳಿದರೂ ಮುಗಿಯದ ಚಿಕಿತ್ಸೆ

ಸ್ಥೂಲಕಾಯವೆಂದರೆ ಪೋಷಣೆ ಮಿತಿಮೀರಿದ ಸ್ಥಿತಿ ಎಂದು ತಿಳಿಯುವುದು ವಾಡಿಕೆಯಾದರೂ, ತೂಕ ಇಳಿಸುವ ಶಸ್ತ್ರಚಿಕಿತ್ಸೆಗೆ ಬರುವ ಅನೇಕರ ರಕ್ತಪರೀಕ್ಷೆ ಅದಕ್ಕೆ ವಿರುದ್ಧವಾದುದನ್ನೇ ಹೇಳುತ್ತದೆ. ಕೊಬ್ಬಿನಲ್ಲಿ ಕರಗುವ ಡಿ ವಿಟಮಿನ್ ದೇಹದ ಕೊಬ್ಬಿನಲ್ಲೇ ಹಂಚಿಹೋಗುವುದರಿಂದ ರಕ್ತದಲ್ಲಿ ಅದರ ಮಟ್ಟ ತಗ್ಗಿರುತ್ತದೆ; ಸ್ಥೂಲಕಾಯದೊಂದಿಗೆ ಬರುವ ಉರಿಯೂತವು ಹೆಪ್ಸಿಡಿನ್ ಎಂಬ ಹಾರ್ಮೋನನ್ನು ಹೆಚ್ಚಿಸಿ, ಕರುಳು ಕಬ್ಬಿಣಾಂಶವನ್ನು ಹೀರದಂತೆ ತಡೆಯುತ್ತದೆ. ಸಸ್ಯಾಹಾರದ ಜೊತೆಗೆ ವರ್ಷಗಟ್ಟಲೆ ಮೆಟ್‌ಫಾರ್ಮಿನ್ ಸೇವಿಸಿದ ಮಧುಮೇಹಿಗಳಲ್ಲಿ ಬಿ12 ಕೂಡ ಕಡಿಮೆಯಿರುವ ಸಂಭವ ಹೆಚ್ಚು.

ಶಸ್ತ್ರಚಿಕಿತ್ಸೆ ಈ ಕೊರತೆಗಳನ್ನು ನೀಗಿಸುವುದಿಲ್ಲ, ಬೆಳೆಸಬಲ್ಲದು. ಜಠರದ ಬಹುಭಾಗವನ್ನು ಕತ್ತರಿಸಿ ಅದನ್ನು ಕಿರಿದಾದ ಕೊಳವೆಯಾಗಿಸುವ ಸ್ಲೀವ್ ವಿಧಾನದಲ್ಲಿ, ಬಿ12 ಹೀರಿಕೆಗೆ ಬೇಕಾದ ಆಮ್ಲವೂ ‘ಇಂಟ್ರಿನ್ಸಿಕ್ ಫ್ಯಾಕ್ಟರ್’ ಎಂಬ ಪ್ರೋಟೀನೂ ಕುಗ್ಗುತ್ತವೆ. ಆಹಾರದ ಹಾದಿಯನ್ನೇ ಬದಲಿಸುವ ಬೈಪಾಸ್ ವಿಧಾನದಲ್ಲಿ, ಕಬ್ಬಿಣ ಮತ್ತು ಕ್ಯಾಲ್ಸಿಯಂ ಮುಖ್ಯವಾಗಿ ಹೀರಲ್ಪಡುವ ಸಣ್ಣಕರುಳಿನ ಮೊದಲ ಭಾಗಕ್ಕೆ ಆಹಾರ ತಲುಪುವುದೇ ಇಲ್ಲ. ಯಕೃತ್ತಿನಲ್ಲಿರುವ ಬಿ12 ದಾಸ್ತಾನು ಕೆಲವು ವರ್ಷ ಬಾಳುವುದರಿಂದ, ರೋಗಿ ತಾನು ಗುಣವಾದೆನೆಂದು ಆಸ್ಪತ್ರೆಯನ್ನು ಮರೆತ ಕಾಲಕ್ಕೆ ಪಾದಗಳ ಜೋಮು ಆರಂಭವಾಗಬಹುದು.

ಹೆಚ್ಚು ಭಯಪಡಬೇಕಾದುದು ಥಯಾಮಿನ್, ಅಂದರೆ ಬಿ1 ಕೊರತೆಗೆ. ಅದರ ಸಂಗ್ರಹ ಎರಡು ಮೂರು ವಾರಗಳಿಗಷ್ಟೇ ಸಾಲುವುದರಿಂದ, ಶಸ್ತ್ರಚಿಕಿತ್ಸೆಯ ನಂತರ ವಾಂತಿ ನಿಲ್ಲದವರಲ್ಲಿ ದೃಷ್ಟಿ ಇಬ್ಬಗೆಯಾಗಿ, ನಡಿಗೆ ತೂರಾಡಿ, ಬುದ್ಧಿ ಮಂಕಾಗುವ ವರ್ನಿಕೆ ಕಾಯಿಲೆ ಬರಬಹುದು. ಸುಸ್ತಾದವರಿಗೆ ಗ್ಲೂಕೋಸ್ ಹಾಕಿಸುವ ನಮ್ಮ ಊರುಗಳ ರೂಢಿ ಇಲ್ಲಿ ಅಪಾಯಕಾರಿ: ಗ್ಲೂಕೋಸನ್ನು ಬಳಸಿಕೊಳ್ಳಲು ದೇಹಕ್ಕೆ ಥಯಾಮಿನ್ ಬೇಕಾಗಿರುವುದರಿಂದ, ಅದನ್ನು ಕೊಡದೆ ಬರಿಯ ಗ್ಲೂಕೋಸ್ ಏರಿಸಿದರೆ ಮಿದುಳಿನ ಹಾನಿ ತೀವ್ರವಾಗಬಹುದು.

ಹೀಗಿರುವಾಗ ಎಷ್ಟು ಕಿಲೋ ಇಳಿಯುತ್ತದೆಂಬುದನ್ನಷ್ಟೇ ಸಾರುವ ಜಾಹೀರಾತು ಅರ್ಧಸತ್ಯ. ದಿನಕ್ಕೆ 1200ರಿಂದ 1500 ಮಿಲಿಗ್ರಾಂ ಕ್ಯಾಲ್ಸಿಯಂ, ಅದರಿಂದ ಎರಡು ಗಂಟೆಯಾದರೂ ಅಂತರವಿಟ್ಟು, ಕಾಫಿ ಚಹಾಗಳ ಜೊತೆಗಲ್ಲದೆ, ನುಂಗಬೇಕಾದ ಕಬ್ಬಿಣದ ಮಾತ್ರೆ, ಬಿ12, ಡಿ, ವರ್ಷವರ್ಷವೂ ರಕ್ತಪರೀಕ್ಷೆ — ಇವೆಲ್ಲ ಜೀವನಪೂರ್ತಿ ನಡೆಯಬೇಕಾದವು, ಆದ್ದರಿಂದ ಇವುಗಳ ಖರ್ಚನ್ನು ಒಪ್ಪಿಗೆಪತ್ರಕ್ಕೆ ಸಹಿ ಹಾಕಿಸಿಕೊಳ್ಳುವ ಮೊದಲೇ ಕುಟುಂಬಕ್ಕೆ ಬಿಡಿಸಿ ಹೇಳುವುದು ಆಸ್ಪತ್ರೆಯ ಕರ್ತವ್ಯ. ಯಾವ ವಿಧಾನದ ಶಸ್ತ್ರಚಿಕಿತ್ಸೆ ನಡೆದಿದೆ, ವಾಂತಿಯಾದರೆ ಗ್ಲೂಕೋಸಿಗಿಂತ ಮೊದಲು ಥಯಾಮಿನ್ ಕೊಡಬೇಕು ಎಂಬ ಎರಡು ಸಾಲುಗಳು ಬಿಡುಗಡೆ ಚೀಟಿಯಲ್ಲಿ ಕನ್ನಡದಲ್ಲೂ ಇದ್ದರೆ, ನಡುರಾತ್ರಿ ತಾಲ್ಲೂಕು ಆಸ್ಪತ್ರೆಗೆ ರೋಗಿಯನ್ನು ಕರೆತರುವ ಮನೆಯವರು ಅದನ್ನು ಕರ್ತವ್ಯದಲ್ಲಿರುವ ವೈದ್ಯರಿಗೆ ತೋರಿಸಬಲ್ಲರು.