ಕೇಳಿ ಉಳಿಸಬೇಕಾದ ಇತಿಹಾಸ

ಇತಿಹಾಸವೆಂದೊಡನೆ ನಮ್ಮ ಕಣ್ಣ ಮುಂದೆ ಬಂದು ನಿಲ್ಲುವುದು ಪಠ್ಯಪುಸ್ತಕ. ಅರಸರ ವಂಶಾವಳಿ, ಯುದ್ಧಗಳ ಇಸವಿ, ಒಪ್ಪಂದಗಳ ಕಲಮುಗಳು ಇವೆಲ್ಲವನ್ನೂ ಕಂಠಪಾಠ ಮಾಡಿ ಪರೀಕ್ಷೆಯಲ್ಲಿ ಬರೆದು, ಬೇಸಗೆಯ ರಜೆಯಲ್ಲಿ ಮರೆತುಬಿಡುವುದು ನಮ್ಮಲ್ಲಿ ಹಲವರ ವಾಡಿಕೆ. ಆದರೆ ಆ ಕಾಲದಲ್ಲಿ ಬಾಳಿದ ಜನರು ಹೇಗೆ ಮಾತನಾಡಿದರು, ಹೇಗೆ ಹಾಡಿದರು, ಯಾವ ಮಾತಿಗೆ ನಕ್ಕರು, ಯಾವ ಮಾತಿನ ನಡುವೆ ಗಂಟಲು ಕಟ್ಟಿ ಸುಮ್ಮನಾದರು ಎಂಬುದನ್ನು ಯಾವ ಪಠ್ಯಪುಸ್ತಕವೂ ತಿಳಿಸಲಾರದು. ಅದನ್ನು ತಿಳಿಸಬಲ್ಲ ಸಾಧನವೊಂದಿದೆ. ಅದೇ ಧ್ವನಿ ಸಾಕ್ಷ್ಯಚಿತ್ರ.

ಹೆಸರಿನಲ್ಲಿ ಚಿತ್ರವೆಂದಿದ್ದರೂ ಇದರಲ್ಲಿ ಕಣ್ಣಿಗೆ ಕೆಲಸವಿಲ್ಲ. ನಡೆದ ಸಂಗತಿಯನ್ನು ಕಂಡವರ, ಅನುಭವಿಸಿದವರ ಮಾತುಗಳನ್ನು ಅವರದೇ ಕಂಠದಲ್ಲಿ ಮುದ್ರಿಸಿಕೊಂಡು, ಆ ಕಾಲದ ಹಾಡು, ಆ ಸ್ಥಳದ ಸದ್ದು ಇವುಗಳೊಡನೆ ಹೊಂದಿಸಿ, ಒಂದು ಬಾಳಿನ ಅಥವಾ ಒಂದು ಘಟನೆಯ ವೃತ್ತಾಂತವನ್ನು ಕಿವಿಗೆ ಮುಟ್ಟಿಸುವುದೇ ಇದರ ರೀತಿ. ಬಾನುಲಿಯಲ್ಲಿ ಬೆಳೆದ ಈ ಕಲೆ ಇಂದು ನಮ್ಮ ಮೊಬೈಲಿನಲ್ಲಿಯೂ ದೊರೆಯುತ್ತದೆ. ಪುಸ್ತಕಗಳು ಕೈಬಿಟ್ಟ ಜನರ ಇತಿಹಾಸವು ಉಳಿಯುವುದಕ್ಕೆ ಇದಕ್ಕಿಂತ ಸುಲಭವಾದ ದಾರಿಯಿಲ್ಲವೆಂಬುದೂ, ಇದನ್ನು ಕೇಳುವುದಷ್ಟೇ ಅಲ್ಲದೆ ಕೈಲಾದ ಮಟ್ಟಿಗೆ ಮಾಡುವುದೂ ವಿದ್ಯಾರ್ಥಿಗಳಾದ ನಮ್ಮ ಕರ್ತವ್ಯವೆಂಬುದೂ ನಮ್ಮ ಮತ.

ಮೊದಲು ಸಂಗೀತಗಾರರ ಮಾತನ್ನೇ ತೆಗೆದುಕೊಳ್ಳೋಣ. 1902ರ ನವೆಂಬರ್ ತಿಂಗಳಿನಲ್ಲಿ ಫ್ರೆಡ್ ಗೈಸ್‌ಬರ್ಗ್ ಎಂಬ ತಜ್ಞರು ಗ್ರಾಮೋಫೋನ್ ಕಂಪೆನಿಯ ಪರವಾಗಿ ಕಲ್ಕತ್ತೆಯಲ್ಲಿ ಹಾಡುಗಳನ್ನು ಮುದ್ರಿಸಿಕೊಂಡರು. ಅದು ವಿದ್ಯುತ್ ಮೈಕು ಇಲ್ಲದ ಕಾಲ. ಹಾಡುವವರು ಕಹಳೆಯಂತಹ ದೊಡ್ಡ ಕೊಳವೆಯ ಬಾಯಿಗೆ ಮುಖವೊಡ್ಡಿ, ಎರಡು ಮೂರು ನಿಮಿಷಗಳೊಳಗೆ ರಾಗವನ್ನು ಮುಗಿಸಬೇಕಾಗಿತ್ತು. ಆಗ ಹಾಡಿದವರಲ್ಲಿ ಸುಪ್ರಸಿದ್ಧರಾದವರು ಗೌಹರ್ ಜಾನ್. ಹಾಡು ಮುಗಿಯುತ್ತಲೇ ತಮ್ಮ ಹೆಸರು ಗೌಹರ್ ಜಾನ್ ಎಂದು ಅವರು ಇಂಗ್ಲಿಷಿನಲ್ಲಿ ಗಟ್ಟಿಯಾಗಿ ಸಾರುವುದನ್ನು ಆ ಮುದ್ರಿಕೆಗಳಲ್ಲಿ ಈಗಲೂ ಕೇಳಬಹುದು. ಅದು ಬಡಾಯಿಯ ಮಾತಲ್ಲ. ಮುದ್ರಿಕೆಗಳು ಅಚ್ಚಾಗುತ್ತಿದ್ದುದು ದೂರದ ಜರ್ಮನಿಯ ಹ್ಯಾನೋವರ್ ನಗರದಲ್ಲಿ. ನಮ್ಮ ಭಾಷೆಗಳನ್ನರಿಯದ ಅಲ್ಲಿನ ಕೆಲಸಗಾರರಿಗೆ ಯಾವ ಹಾಡು ಯಾರದೆಂದು ತಿಳಿಯಬೇಕಾದುದರಿಂದ ಆ ಪದ್ಧತಿ ನಡೆದುಬಂತು. ನೂರಿಪ್ಪತ್ತು ವರ್ಷಗಳ ಹಿಂದಿನ ವ್ಯಾಪಾರದ, ಹಡಗು ಪ್ರಯಾಣದ, ಯಂತ್ರದ ಕಥೆಯೆಲ್ಲ ಆ ಒಂದು ವಾಕ್ಯದಲ್ಲಿ ಅಡಗಿದೆ.

ಈ ಗಾಯಕಿಯ ಕೊನೆಯ ದಿನಗಳು ಕಳೆದುದು ಕನ್ನಡ ನಾಡಿನಲ್ಲಿ. 1928ರಲ್ಲಿ ನಾಲ್ವಡಿ ಕೃಷ್ಣರಾಜ ಒಡೆಯರ ಆಶ್ರಯಕ್ಕೆ ಬಂದ ಅವರು 1930ರ ಜನವರಿ 17ರಂದು ಮೈಸೂರಿನಲ್ಲಿಯೇ ತೀರಿಕೊಂಡರು. ಮೈಸೂರಿಗೆ ಪ್ರವಾಸ ಹೋಗಿ ಅರಮನೆಯನ್ನೂ ಮೃಗಾಲಯವನ್ನೂ ನೋಡಿ ಬಂದ ನಮ್ಮಲ್ಲಿ ಎಷ್ಟು ಮಂದಿಗೆ ಇದು ಗೊತ್ತಿತ್ತು? ಇನ್ನೂ ಒಂದು ಮಾತು. ನಮ್ಮ ದೇಶದಲ್ಲಿ ಮುದ್ರಿಕೆಗೆ ಮೊದಲು ಹಾಡಿದವರು ಗೌಹರ್ ಜಾನರೆಂದೇ ಹಲವೆಡೆ ಬರೆದಿರುತ್ತದೆ. ಆದರೆ ಅದೇ ಕಲ್ಕತ್ತೆಯಲ್ಲಿ, ಅವರಿಗಿಂತ ಕೆಲವು ದಿನ ಮುಂಚೆಯೇ, ನಾಟಕದ ಕಂಪೆನಿಯ ಶಶಿಮುಖಿ, ಫಣಿಬಾಲಾ ಎಂಬಿಬ್ಬರು ಎಳೆಯ ಹುಡುಗಿಯರು ಅದೇ ಗೈಸ್‌ಬರ್ಗರ ಕೊಳವೆಯ ಮುಂದೆ ನಿಂತು ಹಾಡಿದ್ದರು. ಕೀರ್ತಿವಂತರ ಹೆಸರು ಉಳಿಯಿತು. ಹುಡುಗಿಯರ ಹೆಸರನ್ನು ಲೋಕ ಮರೆಯಿತು. ಅಲಕ್ಷ್ಯಕ್ಕೆ ಗುರಿಯಾದ ಇತಿಹಾಸವೆಂದರೆ ಇದೇ.

ಬರಹಕ್ಕೆ ಸಾಧ್ಯವಾಗದುದನ್ನು ಧ್ವನಿ ಹೇಗೆ ತಿಳಿಸುತ್ತದೆಂಬುದಕ್ಕೆ ಧಾರವಾಡದಲ್ಲಿ 1913ರಲ್ಲಿ ಹುಟ್ಟಿದ ಗಂಗೂಬಾಯಿ ಹಾನಗಲ್ ಅವರು ಉತ್ತಮ ನಿದರ್ಶನ. 1930ರ ದಶಕದ ಆರಂಭದಲ್ಲಿ ಅವರು ನಮ್ಮ ಈ ಮುಂಬಯಿಗೆ ಬಂದು ಗ್ರಾಮೋಫೋನಿಗೆ ಹಾಡಿದಾಗ ಅವರ ಕಂಠ ತೆಳುವಾಗಿ, ಮೇಲಿನ ಸ್ವರಗಳಲ್ಲಿ ಲೀಲಾಜಾಲವಾಗಿ ಸಂಚರಿಸುತ್ತಿತ್ತು. ಮುಂದೆ ಗಂಟಲಿನ ಚಿಕಿತ್ಸೆಯಾದ ಬಳಿಕ ಅದೇ ಕಂಠ ಗಂಭೀರವಾಯಿತು, ಗಂಡು ದನಿಯಷ್ಟು ಭಾರವಾಯಿತು. ಇನ್ನೊಬ್ಬರಾಗಿದ್ದರೆ ಹಾಡುವುದನ್ನೇ ಬಿಡುತ್ತಿದ್ದರೇನೋ! ಅವರು ಬಿಡಲಿಲ್ಲ. ಕುಂದಗೋಳದ ಸವಾಯಿ ಗಂಧರ್ವರಿಂದ ಪಡೆದ ವಿದ್ಯೆಯನ್ನು ಆ ಹೊಸ ಕಂಠಕ್ಕೆ ಒಗ್ಗಿಸಿಕೊಂಡು, ಅದನ್ನೇ ತಮ್ಮ ಹೆಗ್ಗುರುತನ್ನಾಗಿ ಮಾಡಿಕೊಂಡು, ಇಳಿವಯಸ್ಸಿನವರೆಗೂ ಹಾಡಿ, 2009ರಲ್ಲಿ ಹುಬ್ಬಳ್ಳಿಯಲ್ಲಿ ನಿಧನ ಹೊಂದಿದರು. ‘ಕಂಠ ಬದಲಾಯಿತು’ ಎಂದು ನಾವು ಎರಡೇ ಶಬ್ದಗಳಲ್ಲಿ ಬರೆದುಬಿಡಬಹುದು. ಆದರೆ ಹಳೆಯ ಮುದ್ರಿಕೆಯೊಂದನ್ನೂ ಅನಂತರದ ಮುದ್ರಿಕೆಯೊಂದನ್ನೂ ಒಂದರ ಹಿಂದೆ ಒಂದನ್ನು ಕೇಳಿದಾಗ ಮೈ ಜುಮ್ಮೆನ್ನುತ್ತದೆ. ಛಲವೆಂದರೇನೆಂಬುದಕ್ಕೆ ಬೇರೆ ವ್ಯಾಖ್ಯಾನ ಬೇಕಾಗುವುದಿಲ್ಲ.

ಕಲಾವಿದರ ಬಾಳು ಮಾತ್ರವೇ ಕೇಳತಕ್ಕದ್ದೆಂದು ಯಾರೂ ಭಾವಿಸಬಾರದು. 1957ರ ಫೆಬ್ರವರಿ 9ರಂದು ಇಂಗ್ಲೆಂಡಿನಲ್ಲಿ ಜಾನ್ ಆಕ್ಸನ್ ಎಂಬ ಚಾಲಕರು ನಡೆಸುತ್ತಿದ್ದ ಸರಕು ರೈಲಿನ ಉಗಿಕೊಳವೆ ಒಡೆದು, ಬ್ರೇಕು ಹಿಡಿಯದಾಯಿತು. ಕುದಿಯುವ ಉಗಿ ಮೈಯನ್ನು ಸುಡುತ್ತಿದ್ದರೂ ಅವರು ಇಂಜಿನನ್ನು ಬಿಟ್ಟು ಹಾರಲಿಲ್ಲ. ಇಳಿಜಾರಿನಲ್ಲಿ ಓಡಿದ ರೈಲು ಮುಂದಿನ ರೈಲಿಗೆ ಡಿಕ್ಕಿ ಹೊಡೆದು ಅವರು ಪ್ರಾಣವನ್ನು ತೆತ್ತರು. ಮರುವರ್ಷ ಬಿ.ಬಿ.ಸಿ.ಯ ಚಾರ್ಲ್ಸ್ ಪಾರ್ಕರ್ ಎಂಬ ನಿರ್ಮಾಪಕರು, ಇವಾನ್ ಮೆಕಾಲ್ ಮತ್ತು ಪೆಗ್ಗಿ ಸೀಗರ್ ಎಂಬ ಗಾಯಕರ ನೆರವಿನಿಂದ, ಈ ಕಥೆಯನ್ನು ಬಾನುಲಿಗೆ ಅಳವಡಿಸಿದರು. ನಟರನ್ನು ಕರೆದು ರೈಲ್ವೆ ಕೆಲಸಗಾರರಂತೆ ಮಾತನಾಡಿಸುವುದು ಅಂದಿನ ರೂಢಿ. ಆದರೆ ಮುದ್ರಿಸಿ ತಂದ ಮಾತುಗಳನ್ನು ಕೇಳುತ್ತ ಹೋದಂತೆ, ಆಕ್ಸನ್ನರ ಜತೆಗಾರರ ಮತ್ತು ಅವರ ಪತ್ನಿಯ ಸ್ವಂತ ನುಡಿಯ ಮುಂದೆ ನಟರ ನುಡಿ ಸಪ್ಪೆಯೆಂಬುದು ಅವರಿಗೆ ಮನವರಿಕೆಯಾಯಿತು. ನಟರನ್ನು ಕೈಬಿಟ್ಟು, ಆ ಜನರ ಕಂಠಗಳನ್ನೇ ಹಾಡುಗಳೊಡನೆ ಪೋಣಿಸಿ 1958ರ ಜುಲೈ 2ರಂದು ಪ್ರಸಾರ ಮಾಡಿದರು. ಕೆಲಸಗಾರನ ಮಾತಿಗೂ ಸಾಹಿತ್ಯದ ಘನತೆಯುಂಟೆಂಬುದನ್ನು ಆ ಕಾರ್ಯಕ್ರಮ ಜಗತ್ತಿಗೆ ತೋರಿಸಿಕೊಟ್ಟಿತು.

ಅನ್ಯರ ಕಥೆಯನ್ನು ಇಷ್ಟೆಲ್ಲ ಹೇಳಿದ ಮೇಲೆ ನಮ್ಮ ತಪ್ಪೊಂದನ್ನೂ ಒಪ್ಪಿಕೊಳ್ಳಬೇಕಾಗಿದೆ. ಕಳೆದ ವಾರ್ಷಿಕೋತ್ಸವಕ್ಕೆ ನಮ್ಮ ಶಾಲೆಗೆ ವೃದ್ಧರೊಬ್ಬರು ಬಂದಿದ್ದರು. ಹನ್ನೆರಡನೆಯ ವಯಸ್ಸಿನಲ್ಲಿ ಉಡುಪಿಯ ಕಡೆಯಿಂದ ಮುಂಬಯಿಗೆ ಬಂದು, ಹಗಲೆಲ್ಲ ಹೋಟೆಲಿನಲ್ಲಿ ಲೋಟ ತೊಳೆದು, ರಾತ್ರಿ ಕನ್ನಡ ಶಾಲೆಯಲ್ಲಿ ಕಲಿತು ಮೆಟ್ರಿಕ್ ದಾಟಿದವರು ಅವರು. ಕಾರ್ಯಕ್ರಮ ಮುಗಿದ ಬಳಿಕ ಮೆಟ್ಟಿಲ ಮೇಲೆ ಕುಳಿತು, ರಾತ್ರಿಶಾಲೆಯ ಮಾಸ್ತರರ ಕಥೆಯನ್ನೂ, ಪುಸ್ತಕದ ಮೇಲೆಯೇ ತಲೆಯಿಟ್ಟು ನಿದ್ರಿಸುತ್ತಿದ್ದ ಹುಡುಗರ ಕಥೆಯನ್ನೂ ನಮಗೆ ಹೇಳತೊಡಗಿದರು. ನಾವು ಮನಸಾರೆ ಕೇಳಿದೆವು. ‘ಪರೀಕ್ಷೆ ಮುಗಿಯಲಿ ಅಜ್ಜಾ, ನಿಮ್ಮ ಮನೆಗೇ ಬಂದು ಎಲ್ಲವನ್ನೂ ರೆಕಾರ್ಡ್ ಮಾಡಿಕೊಳ್ಳುತ್ತೇವೆ’ ಎಂದೆವು. ‘ಬನ್ನಿ ಮಕ್ಕಳೇ, ನಾನೆಲ್ಲಿಗೆ ಹೋಗುತ್ತೇನೆ?’ ಎಂದು ಅವರು ನಕ್ಕರು. ಪರೀಕ್ಷೆ ಮುಗಿಯಿತು; ಅಷ್ಟರಲ್ಲಿ ಅವರೂ ಇಲ್ಲವಾದರು. ಅಂದು ನಮ್ಮಲ್ಲಿ ಐವರ ಕಿಸೆಯಲ್ಲಿ ಮೊಬೈಲಿತ್ತು. ಗುಂಡಿಯೊಂದನ್ನು ಒತ್ತುವಷ್ಟು ಬುದ್ಧಿ ನಮಗೆ ಬರಲಿಲ್ಲ.

ಅವರು ಹೇಳಿದ ಮಾತೊಂದು ನಮ್ಮಲ್ಲಿ ಇಂದಿಗೂ ಚರ್ಚೆಗೆ ವಸ್ತುವಾಗಿದೆ. ‘ಊಟಕ್ಕೆ ಕೊರತೆಯಿರಲಿಲ್ಲ, ನಿದ್ದೆಗೆ ಹೊತ್ತಿರಲಿಲ್ಲ’ ಎಂದರೆಂದು ಕೆಲವರು ಹೇಳುತ್ತಾರೆ. ‘ನಿದ್ದೆಗೆ ಜಾಗವಿರಲಿಲ್ಲ’ ಎಂದರೆಂದು ಬೇರೆಯವರು ವಾದಿಸುತ್ತಾರೆ. ಹೊತ್ತಿಗೂ ಜಾಗಕ್ಕೂ ಎಷ್ಟು ಅಂತರ! ಒಂದು ದುಡಿಮೆಯ ಕಥೆ, ಇನ್ನೊಂದು ಈ ನಗರದ ಇಕ್ಕಟ್ಟಿನ ಕಥೆ. ತೀರ್ಪು ಹೇಳಬಲ್ಲವರು ಅವರೊಬ್ಬರೇ ಆಗಿದ್ದರು.

ಇಲ್ಲಿ ಕೆಲವು ಆಕ್ಷೇಪಗಳು ಬರುವುದು ಸಹಜ. ಕಿವಿಗೆ ಯಂತ್ರವನ್ನು ಸಿಕ್ಕಿಸಿಕೊಂಡು ಕುಳಿತರೆ ಓದಿಗೆ ಸಂಚಕಾರವೆಂದು ಹಿರಿಯರು ಹೇಳುತ್ತಾರೆ. ಕಾಲಹರಣದ ಹರಟೆಗೆ ಈ ಮಾತು ಸಲ್ಲುತ್ತದೆ. ಆದರೆ ಒಳ್ಳೆಯ ಸಾಕ್ಷ್ಯಚಿತ್ರ ಕೇಳಿದವನು ಪುಸ್ತಕವನ್ನು ಬಿಡುವುದಿಲ್ಲ, ಹುಡುಕಿಕೊಂಡು ಹೋಗುತ್ತಾನೆ. ಗಂಗೂಬಾಯಿಯವರ ಹಾಡನ್ನು ಕೇಳಿದ ಮೇಲೆಯೇ ನಮ್ಮ ತರಗತಿಯ ಕೆಲವರು ಅವರ ಜೀವನ ವೃತ್ತಾಂತವನ್ನು ಗ್ರಂಥಾಲಯದಿಂದ ತಂದು ಓದಿದರು.

ಎರಡನೆಯ ಆಕ್ಷೇಪ ಇನ್ನೂ ಗುರುತರವಾದುದು. ಧ್ವನಿಯನ್ನು ಕತ್ತರಿಸಬಹುದು, ಜೋಡಿಸಬಹುದು. ಇಂದಿನ ಯಂತ್ರಗಳು ಒಬ್ಬರ ಕಂಠವನ್ನೇ ಕೃತಕವಾಗಿ ಸೃಷ್ಟಿಸಲೂಬಲ್ಲವು. ಹೀಗಿರಲು ಧ್ವನಿಯನ್ನು ಸಾಕ್ಷ್ಯವೆಂದು ನಂಬುವುದು ಹೇಗೆ? ಇದು ನ್ಯಾಯವಾದ ಪ್ರಶ್ನೆ. ನಮ್ಮ ಅಜ್ಜನವರ ಮಾತಿನಲ್ಲಿ ‘ಊಟಕ್ಕೆ ಕೊರತೆಯಿರಲಿಲ್ಲ’ ಎಂಬಷ್ಟನ್ನೇ ಉಳಿಸಿ ಮಿಕ್ಕುದನ್ನು ಕತ್ತರಿಸಿದರೆ, ಕಷ್ಟದ ಕಥೆ ಸುಖದ ಕಥೆಯಾಗಿಬಿಡುತ್ತದೆ. ಅದರಲ್ಲಿ ಸುಳ್ಳು ಶಬ್ದ ಒಂದೂ ಇರುವುದಿಲ್ಲ! ‘ಪ್ರತ್ಯಕ್ಷ ಕಂಡರೂ ಪರಾಂಬರಿಸಿ ನೋಡು’ ಎಂಬ ಗಾದೆ ಕಿವಿಗೂ ಅನ್ವಯಿಸುತ್ತದೆ. ಒಬ್ಬರ ಮಾತನ್ನು ಇನ್ನೊಬ್ಬರ ಮಾತಿನೊಡನೆ, ಮಾತನ್ನು ಕಾಗದಪತ್ರಗಳೊಡನೆ ತಾಳೆ ನೋಡಲೇಬೇಕು. ಆದರೆ ಕತ್ತರಿಯ ಭಯದಿಂದ ಬಟ್ಟೆಯನ್ನೇ ನೇಯದಿರುವುದು ವಿವೇಕವಲ್ಲ. ತಿರುಚಿದ ಧ್ವನಿಯನ್ನು ಮೂಲದೊಡನೆ ಹೋಲಿಸಿ ತಪ್ಪನ್ನು ಹಿಡಿಯಬಹುದು. ಮೂಲವೇ ಇಲ್ಲದಿದ್ದರೆ ಹಿಡಿಯುವುದೇನನ್ನು?

ವಿದ್ಯಾರ್ಥಿ ಮಿತ್ರರೇ, ನಮ್ಮ ತಾತ ಮುತ್ತಾತಂದಿರು ಈ ನಗರದ ಹೋಟೆಲುಗಳಲ್ಲಿ, ಗಿರಣಿಗಳಲ್ಲಿ, ಕಚೇರಿಗಳಲ್ಲಿ ದುಡಿದು, ಹೊಟ್ಟೆಗೆ ಬಟ್ಟೆಗೆ ಸಾಲದ ದಿನಗಳಲ್ಲಿಯೂ ಕನ್ನಡ ಶಾಲೆಗಳನ್ನು ಕಟ್ಟಿದರು. ಅವರ ಕಥೆಯನ್ನು ಬರೆಯಲು ದೂರದಿಂದ ಇತಿಹಾಸಕಾರರು ಬರುವರೆಂದು ಕಾಯುವುದು ಸಲ್ಲದು. ಕನ್ನಡ ಮಾಧ್ಯಮದ ತರಗತಿಗಳಲ್ಲಿ ಮಕ್ಕಳ ಸಂಖ್ಯೆ ಇಳಿಯುತ್ತಿರುವ ಈ ಕಾಲದಲ್ಲಿ ಅವರ ಭಾಷೆಯಲ್ಲಿಯೇ ಕುಳಿತು ಕೇಳಬಲ್ಲವರು ನಾವು. ನಮ್ಮ ತರುವಾಯ ಕೇಳುವವರು ಇರುವರೋ ಇಲ್ಲವೋ!

ಆದುದರಿಂದ ಈ ರಜೆಯಲ್ಲಿ ಪ್ರತಿಯೊಬ್ಬರೂ ಮನೆಯ ಅಥವಾ ನೆರೆಯ ಒಬ್ಬ ಹಿರಿಯರನ್ನು ಆರಿಸಿಕೊಳ್ಳಬೇಕೆಂದು ನಮ್ಮ ವಿನಂತಿ. ಮೊದಲು ಅವರ ಒಪ್ಪಿಗೆಯನ್ನು ಕೇಳಿರಿ. ಫ್ಯಾನನ್ನು ನಿಲ್ಲಿಸಿ, ಕಿಟಕಿಯನ್ನು ಮುಚ್ಚಿ, ಯಂತ್ರವನ್ನು ಅವರ ಹತ್ತಿರದಲ್ಲಿಡಿರಿ. ಆರಂಭದಲ್ಲಿ ಅವರ ಹೆಸರು, ಊರು, ಅಂದಿನ ದಿನಾಂಕ ಇವುಗಳನ್ನು ಅವರಿಂದಲೇ ಹೇಳಿಸಿರಿ. ಹ್ಯಾನೋವರಿನ ಕೆಲಸಗಾರರಂತೆ ಮುಂದೆ ಕೇಳುವವರಿಗೆ ಗುರುತು ಸಿಗಲಿ. ಪ್ರಶ್ನೆ ಚಿಕ್ಕದಾಗಿರಲಿ. ಅವರು ಸುಮ್ಮನಾದಾಗ ನೀವೂ ಸುಮ್ಮನಿರಿ. ಒಳ್ಳೆಯ ಮಾತು ಹಲವು ಸಲ ಮೌನದ ಬಳಿಕವೇ ಬರುತ್ತದೆ. ಹೇಳಬಾರದೆಂದು ಅವರು ಬಯಸಿದುದನ್ನು ಹೊರಗೆ ಹಾಕಬೇಡಿರಿ. ಮೂಲ ಮುದ್ರಣವನ್ನು ಕತ್ತರಿಸದೆ, ಎರಡು ಕಡೆ ಜೋಪಾನವಾಗಿ ಕಾಪಾಡಿರಿ. ಒಂದು ಪ್ರತಿಯನ್ನು ಶಾಲೆಯ ಗ್ರಂಥಾಲಯಕ್ಕೆ ಒಪ್ಪಿಸಿದರೆ, ಮುಂದಿನ ವರ್ಷದ ಸಂಚಿಕೆಯ ವೇಳೆಗೆ ನಮ್ಮಲ್ಲಿ ಒಂದು ಚಿಕ್ಕ ಧ್ವನಿಭಂಡಾರವೇ ಸಿದ್ಧವಾದೀತು.

ಪರೀಕ್ಷೆ ಮುಗಿಯಲೆಂದು ಮಾತ್ರ ಕಾಯಬೇಡಿರಿ. ನಾವು ಕಾದು ಕೆಟ್ಟೆವು.