ಅಳಿಸಬಾರದ ಗುರುತುಗಳು



ಅರ್ಬುದ ರೋಗಕ್ಕೆ ನೀಡುವ ವಿಕಿರಣ ಚಿಕಿತ್ಸೆಯನ್ನು ನಮ್ಮ ರಾಯದುರ್ಗ, ಮಡಕಶಿರಾ ಭಾಗದ ಹಳ್ಳಿಗಳಲ್ಲಿ ‘ಕರೆಂಟು ಕೊಡುವುದು’ ಎನ್ನುತ್ತಾರೆ. ಅರ್ಧ ಭಯ ಈ ಹೆಸರಿನಿಂದಲೇ ಹುಟ್ಟುತ್ತದೆ. ಕಂಬದ ತಂತಿ ಮುಟ್ಟಿದವನಿಗೆ ಆಗುವುದೇ ರೋಗಿಗೂ ಆಗುವುದೆಂದು ಜನ ತಿಳಿಯುತ್ತಾರೆ. ವಾಸ್ತವವಾಗಿ ರೋಗಿಯ ಮೈಯಲ್ಲಿ ವಿದ್ಯುತ್ತು ಹರಿಯುವುದೇ ಇಲ್ಲ. ಅಲ್ಲಿ ಹಾಯುವುದು ಕಿರಣ; ಮುರಿದ ಮೂಳೆಯ ಚಿತ್ರ ತೆಗೆಯುವ ಕ್ಷ-ಕಿರಣದ ಜಾತಿಗೆ ಸೇರಿದ, ಆದರೆ ಅದಕ್ಕಿಂತ ಬಹಳ ಬಲವಾದ ಕಿರಣ. ಚಿಕಿತ್ಸೆಯ ಹೊತ್ತಿನಲ್ಲಿ ನೋವಾಗದು, ಬಿಸಿಯೂ ತಾಗದು.

ಇದನ್ನು ನಾನು ಪುಸ್ತಕ ನೋಡಿ ಮಾತ್ರ ಬರೆಯುತ್ತಿಲ್ಲ. ಕೆಲವು ವರ್ಷಗಳ ಹಿಂದೆ ನನ್ನ ಹಿರಿಯಕ್ಕನಿಗೆ ಗರ್ಭಕೋಶದ ಕೊರಳಿನ ಅರ್ಬುದವಿದೆಯೆಂದು ಗೊತ್ತಾಯಿತು. ಹಿಂದೂಪುರದ ಮೇಲೆ ಬೆಂಗಳೂರಿಗೆ ಕರೆದೊಯ್ದು ಅಲ್ಲಿನ ಆಸ್ಪತ್ರೆಯೊಂದರಲ್ಲಿ ಚಿಕಿತ್ಸೆ ಆರಂಭಿಸಿದೆವು. ಮೊದಲ ದಿನ ಆಕೆಯ ಸೊಂಟದ ಮೇಲೆ, ಕಿಬ್ಬೊಟ್ಟೆಯ ಮೇಲೆ ಶಾಯಿಯಿಂದ ಕೆಲವು ಗುರುತುಗಳನ್ನು ಹಾಕಿದರು. ಅವು ಏತಕ್ಕೆಂದು ಆಕೆ ಕೇಳಲಿಲ್ಲ. ಹೆಣ್ಣಿನ ರೋಗವೆಂಬ ಸಂಕೋಚದಿಂದ ನಾನೂ ಹೇಳಲಿಲ್ಲ.

ಈ ಗುರುತಿನ ಮಹತ್ವ ತಿಳಿಯಬೇಕಾದರೆ ಚಿಕಿತ್ಸೆಯ ಕ್ರಮವನ್ನು ಸ್ವಲ್ಪ ಅರಿಯಬೇಕು. ಜರ್ಮನಿಯ ರಾಂಟ್ಜೆನ್ ಮಹಾಶಯನು ಕ್ಷ-ಕಿರಣವನ್ನು ಕಂಡುಹಿಡಿದದ್ದು 1895ರಲ್ಲಿ. 1951ರಲ್ಲಿ ಕೆನಡಾ ದೇಶದಲ್ಲಿ ಕೋಬಾಲ್ಟ್ ಯಂತ್ರದಿಂದ ಚಿಕಿತ್ಸೆ ಮೊದಲಾಯಿತು. ಬೆಂಗಳೂರಿನ ಕಿದ್ವಾಯಿ ಆಸ್ಪತ್ರೆ 1973ರಲ್ಲಿ ಆರಂಭವಾದ ಮೇಲೆ ನಮ್ಮ ಗಡಿಯ ಬಡ ರೋಗಿಗಳಿಗೂ ಒಂದು ದಾರಿ ತೆರೆಯಿತು. ಹಿಂದಿನ ಯಂತ್ರಗಳು ರೋಗಕ್ಕೆ ತಾಗುವಾಗ ಸುತ್ತಲಿನ ಆರೋಗ್ಯವಂತ ಅಂಗಗಳನ್ನೂ ಬಹಳಷ್ಟು ತಾಗುತ್ತಿದ್ದವು. ಇಂದು ಹಾಗಲ್ಲ. ಮೊದಲು ಸಿ.ಟಿ. ಸ್ಕ್ಯಾನಿನಿಂದ ಗೆಡ್ಡೆಯ ಆಕಾರವನ್ನು ಪದರ ಪದರವಾಗಿ ನೋಡುತ್ತಾರೆ. ವೈದ್ಯರೂ ಭೌತವಿಜ್ಞಾನಿಗಳೂ ಕೂಡಿ ಗಣಕಯಂತ್ರದಲ್ಲಿ ಲೆಕ್ಕ ಹಾಕುತ್ತಾರೆ. ಲೀನಿಯರ್ ಆಕ್ಸಿಲರೇಟರ್ ಎಂಬ ಯಂತ್ರದ ಬಾಯಲ್ಲಿರುವ ಟಂಗ್‌ಸ್ಟನ್ ಲೋಹದ ತೆಳು ಪಟ್ಟಿಗಳು ಹಿಂದೆ ಮುಂದೆ ಸರಿದು, ಕಿರಣವನ್ನು ಗೆಡ್ಡೆಯ ಆಕಾರಕ್ಕೆ ತಕ್ಕಂತೆ ತಿದ್ದುತ್ತವೆ.

ಊರ ಜಾತ್ರೆಯನ್ನು ನೆನೆಯಿರಿ. ಒಂದೊಂದು ಹಳ್ಳಿಯ ಹಾದಿಯಲ್ಲಿ ಬರುವವರು ಹತ್ತೋ ಇಪ್ಪತ್ತೋ ಜನ. ಎಲ್ಲ ಹಾದಿಗಳೂ ಕೂಡುವ ತೇರಿನ ಬಳಿ ಮಾತ್ರ ಕಾಲಿಡಲು ಸ್ಥಳವಿರುವುದಿಲ್ಲ. ಕಿರಣವೂ ಹೀಗೆಯೇ. ಬೇರೆ ಬೇರೆ ದಿಕ್ಕಿನಿಂದ ಸ್ವಲ್ಪ ಸ್ವಲ್ಪವಾಗಿ ಬಂದು ಗೆಡ್ಡೆಯಲ್ಲಿ ಒಂದುಗೂಡುತ್ತದೆ. ಹಾದಿಯ ಅಂಗಗಳಿಗೆ ತಾಗುವುದು ಕಡಿಮೆ. ಈ ಲೆಕ್ಕ ಮಿಲಿಮೀಟರಿನದು. ರೋಗಿಯನ್ನು ಪ್ರತಿದಿನವೂ ಅದೇ ಭಂಗಿಯಲ್ಲಿ, ಅದೇ ಸ್ಥಾನದಲ್ಲಿ ಮಲಗಿಸಲು ಆ ಗುರುತುಗಳು ಬೇಕು. ಕೆಲವೆಡೆ ಅಳಿಸಿಹೋಗದಂತೆ ಸಣ್ಣ ಚುಕ್ಕೆ ಹಚ್ಚೆಯನ್ನೇ ಹಾಕುತ್ತಾರೆ.

ಮೂರು ವಾರ ಕಳೆದವು. ಯುಗಾದಿ ಬಂತು. ಅಕ್ಕ ಹಬ್ಬಕ್ಕೆಂದು ಊರಿಗೆ ಬಂದಳು. ವರ್ಷದ ಮೊದಲ ದಿನವೆಂದು ಮೈಗೆಲ್ಲ ಎಣ್ಣೆ ಹಚ್ಚಿ, ಸೀಗೆಪುಡಿಯಿಂದ ಉಜ್ಜಿ ಎರೆದುಕೊಂಡಳು. ಗುರುತು ಅಳಿಸಿಹೋಯಿತು. ಆಸ್ಪತ್ರೆಯವರು ಬೈದಾರೆಂಬ ಅಂಜಿಕೆ ಒಂದು ಕಡೆ. “ಇಷ್ಟು ಕರೆಂಟು ಸಾಕು, ಕರುಳು ಸುಟ್ಟುಹೋದೀತು” ಎಂಬ ನೆರೆಯವರ ಮಾತು ಇನ್ನೊಂದು ಕಡೆ. ಮೊಮ್ಮಗನನ್ನು ಆಕೆಯ ಮಡಿಲಿಗೆ ಬಿಡಬೇಡಿರೆಂದವರೂ ಇದ್ದರು. ನಾನು ಪರೀಕ್ಷೆಯ ಕೆಲಸದಲ್ಲಿ ಮುಳುಗಿದ್ದೆ. ತಿಳಿದು ಓಡಿಹೋಗುವಷ್ಟರಲ್ಲಿ ಒಂಬತ್ತು ದಿನಗಳ ಚಿಕಿತ್ಸೆ ತಪ್ಪಿತ್ತು.

ವೈದ್ಯರು ಬೈಯಲಿಲ್ಲ. “ಮೇಷ್ಟ್ರೆ, ಯಂತ್ರ ಎಷ್ಟು ಗುರಿಯಿಟ್ಟರೇನು? ನಿಮ್ಮ ಅಕ್ಕ ಬಂದು ಮಲಗಿದರೆ ತಾನೆ?” ಎಂದರು. ವಾರಕ್ಕೆ ಐದು ದಿನದಂತೆ ಚಿಕಿತ್ಸೆಯನ್ನು ಹಂಚಿ ಕೊಡುವುದಕ್ಕೆ ಕಾರಣವಿದೆ. ಒಂದು ದಿನಕ್ಕೂ ಮತ್ತೊಂದು ದಿನಕ್ಕೂ ನಡುವೆ ಆರೋಗ್ಯವಂತ ಜೀವಕೋಶಗಳು ತಮ್ಮ ಪೆಟ್ಟನ್ನು ಸರಿಪಡಿಸಿಕೊಳ್ಳುತ್ತವೆ. ಅರ್ಬುದದ ಕೋಶಗಳಿಗೆ ಆ ಶಕ್ತಿ ಕಡಿಮೆ. ಆದರೆ ಬಿಡುವು ದೀರ್ಘವಾದರೆ ಅವೂ ಚಿಗುರುತ್ತವೆ. ಆದುದರಿಂದಲೇ ಈ ರೋಗದಲ್ಲಿ ಹೊರಗಿನಿಂದ ಕೊಡುವ ಕಿರಣವೂ ಕೊನೆಯಲ್ಲಿ ಒಳಗಿನಿಂದ ಕೊಡುವ ಕಿರಣವೂ ಸೇರಿ ಎಂಟು ವಾರಗಳಲ್ಲಿ ಮುಗಿಯಬೇಕೆನ್ನುತ್ತಾರೆ.

ಮತ್ತೆ ಸ್ಕ್ಯಾನು, ಮತ್ತೆ ಗುರುತು. ಅಕ್ಕ ಚಿಕಿತ್ಸೆ ಮುಗಿಸಿದಳು. ಇಂದು ಮನೆಯಲ್ಲಿ ರೊಟ್ಟಿ ತಟ್ಟುತ್ತಿದ್ದಾಳೆ. ಆದರೂ ಪ್ರತಿ ತಪಾಸಣೆಯ ದಿನ ಆ ಒಂಬತ್ತು ದಿನಗಳು ನನ್ನ ಎದೆಯಲ್ಲಿ ಮುಳ್ಳಾಡುತ್ತವೆ. ಮೂವತ್ತು ವರ್ಷ ಮಕ್ಕಳಿಗೆ ಪಾಠ ಹೇಳಿದ ನಾನು ಮನೆಯವಳಿಗೆ ಒಂದು ಮಾತು ಹೇಳದೆ ಹೋದೆ. ಓದು ಬಾರದ ಆಕೆಯ ತಪ್ಪು ಇದರಲ್ಲಿ ಏನೂ ಇಲ್ಲ.

ಬಂಧುಗಳೆ, 1953ರಲ್ಲಿ ರಾಯದುರ್ಗ ಬಳ್ಳಾರಿ ಜಿಲ್ಲೆಯಿಂದ ಅಗಲಿತು. 2022ರಲ್ಲಿ ಮಡಕಶಿರಾ ಅನಂತಪುರದಿಂದ ಶ್ರೀ ಸತ್ಯಸಾಯಿ ಜಿಲ್ಲೆಗೆ ಹೋಯಿತು. ಕಚೇರಿಯ ಕಾಗದ ತೆಲುಗಿನಲ್ಲಿ, ಆಸ್ಪತ್ರೆಯ ಚೀಟಿ ಇಂಗ್ಲಿಷಿನಲ್ಲಿ. ನಮ್ಮ ತಾಯಂದಿರಿಗೆ ಎರಡೂ ದೂರ. ಬೆಂಗಳೂರಿಗೆ ಹೋದಾಗ ಕನ್ನಡದಲ್ಲಿಯೇ ಧಾರಾಳವಾಗಿ ಕೇಳಿರಿ: ಎಷ್ಟು ದಿನ, ಗುರುತು ಏಕೆ, ಸ್ನಾನ ಹೇಗೆ, ನಮ್ಮ ಕಾರ್ಡು ಇಲ್ಲಿ ನಡೆಯುವುದೇ, ಉಳಿಯಲು ಸ್ಥಳವಿದೆಯೇ. ಚರ್ಮ ಕಪ್ಪಾದರೆ, ಭೇದಿಯಾದರೆ, ದಣಿವಾದರೆ ಚಿಕಿತ್ಸೆ ಬಿಡದೆ ವೈದ್ಯರಿಗೆ ಹೇಳಿರಿ. ಹೊರಗಿನಿಂದ ಕಿರಣ ಪಡೆದವರ ಮೈಯಲ್ಲಿ ಕಿರಣ ಉಳಿಯುವುದಿಲ್ಲ. ಮಕ್ಕಳು ಅವರ ಮಡಿಲಲ್ಲಿ ನಿರಾತಂಕವಾಗಿ ಕೂಡಬಹುದು.

ಹಬ್ಬ ಮುಂದಿನ ವರ್ಷವೂ ಬರುತ್ತದೆ. ಅದನ್ನು ಆಚರಿಸಲು ಮನೆಯವರು ಇರಬೇಕಾದರೆ, ಈ ವರ್ಷದ ಎಣ್ಣೆಸ್ನಾನ ತಪ್ಪಿದರೂ ಚಿಂತೆಯಿಲ್ಲ.